ಎಮ್ಯುಲೇಟರ್‌ನಲ್ಲಿ ಓಡುವ ಆ್ಯಪ್ ಏಜೆಂಟರ ಫೋನಿನಲ್ಲಿ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು. ಬಿಸಿಎ ಓದಿದ್ದೇನೆ, ಒಬ್ಬನೇ ಕೆಲಸ ಮಾಡುತ್ತೇನೆ. ನಮ್ಮೂರಿನ ಪತ್ತಿನ ಸಹಕಾರ ಸಂಘಕ್ಕೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡಿಕೊಡಲು ಒಪ್ಪಿಕೊಂಡು, ಒಂದೇ ಕೋಡ್‌ನಿಂದ ಮೊಬೈಲ್‌ಗೂ ವಿಂಡೋಸ್‌ಗೂ ಆ್ಯಪ್ ಕಟ್ಟುವ ಫ್ಲಟರ್‌ನಲ್ಲಿ ಬರೆದಿದ್ದೇನೆ. 9 ಜನ ಏಜೆಂಟರ ಮೊಬೈಲ್‌ಗೆ ಆ್ಯಪ್, ಜೊತೆಗೊಂದು ಬ್ಲೂಟೂತ್ ಪ್ರಿಂಟರ್, ಕಚೇರಿಗೆ ವಿಂಡೋಸ್ ಆವೃತ್ತಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರ್ ಒಳಗೆ ಓಡುವ ನಕಲಿ ಫೋನ್) ಎಲ್ಲವೂ ಸರಿಯಾಗಿದೆ. ಆದರೆ ರಿಲೀಸ್ ಎಪಿಕೆ (ಬಳಕೆದಾರರಿಗೆಂದು ಕಟ್ಟಿದ ಆ್ಯಪ್ ಫೈಲ್) ಕೊಟ್ಟರೆ ಸರ್ವರ್ ಸಿಗುವುದಿಲ್ಲ. ಡಿಬಗ್ ಎಪಿಕೆ (ಬರೆಯುವಾಗ ತಪ್ಪು ಹುಡುಕಲೆಂದು ಕಟ್ಟಿದ್ದು) ಕೊಟ್ಟರೆ ಸಿಗುತ್ತದೆ, ಹಾಗಾಗಿ ಇಬ್ಬರು ಏಜೆಂಟರಿಗೆ ಅದನ್ನೇ ಕೊಟ್ಟಿದ್ದೇನೆ. ರಸೀದಿಯಲ್ಲಿ ಒತ್ತಕ್ಷರ ಒಡೆದು ಬರುತ್ತದೆ. ಸಂಜೆ ತಾನಾಗಿ ಅಪ್‌ಲೋಡ್ ಆಗಬೇಕಾದ ಪಟ್ಟಿ ಎಷ್ಟೋ ದಿನ ಆಗುವುದೇ ಇಲ್ಲ. ಒಮ್ಮೆ ಒಬ್ಬ ಗ್ರಾಹಕರ 100 ರೂಪಾಯಿ ಎರಡು ಸಲ ಜಮೆಯಾಗಿತ್ತು. ಕಚೇರಿಯ ವಿಂಡೋಸ್ 10 ಕಂಪ್ಯೂಟರ್‌ನಲ್ಲಿ ಡಿಎಲ್‌ಎಲ್ (ಪ್ರೋಗ್ರಾಂಗೆ ಬೇಕಾದ ಸಹಾಯಕ ಫೈಲ್) ಇಲ್ಲ ಎಂದು ಬರುತ್ತದೆ, ಇನ್ನೊಂದು ವಿಂಡೋಸ್ 7, ಅದರಲ್ಲಿ ತೆರೆಯುವುದೇ ಇಲ್ಲ. ಗೆಳೆಯರಲ್ಲಿ ಒಬ್ಬ ಹೊಸ ಲ್ಯಾಪ್‌ಟಾಪ್ ತಗೋ ಎನ್ನುತ್ತಾನೆ, ಒಬ್ಬ ಮ್ಯಾಕ್ ತಗೋ ಎನ್ನುತ್ತಾನೆ, ಇನ್ನೊಬ್ಬ ಫ್ಲಟರ್ ಬಿಟ್ಟು ಕಾಟ್ಲಿನ್ ಭಾಷೆಯಲ್ಲಿ ಬರೆ, ಕ್ಲೌಡ್ ಟೆಸ್ಟಿಂಗ್‌ಗೆ (ಅಂತರ್ಜಾಲದ ಮೂಲಕ ಬೇರೆಯವರ ಫೋನ್‌ಗಳಲ್ಲಿ ಪರೀಕ್ಷೆ) ದುಡ್ಡು ಕಟ್ಟು ಎನ್ನುತ್ತಾನೆ. ನನ್ನ ಕೈಯಲ್ಲಿರುವುದು 40 ಸಾವಿರ. ಯಾವುದಕ್ಕೆ ಹಾಕಲಿ?

ಉತ್ತರ: ನೀವು ಕೇಳಿರುವುದು ದುಡ್ಡಿನ ವಿಷಯ. ಆದರೆ ಸರಿಯಾದ ಸಾಧನ ಇಲ್ಲದ್ದಕ್ಕೆ ಹೀಗಾಗುತ್ತಿದೆಯೋ, ತನಗೇ ಕೆಲಸ ಬರುವುದಿಲ್ಲವೋ ಎಂಬ ಅಳುಕು ಪತ್ರದ ತುಂಬ ಇದೆ. ಮೊದಲು ಆ ಅಳುಕನ್ನು ಬಿಡಿ. ನೀವು ಬರೆದ ಐದು ತೊಂದರೆಗಳನ್ನೂ ನಾನು ಬೆಂಗಳೂರಿನ ದೊಡ್ಡ ದೊಡ್ಡ ತಂಡಗಳಲ್ಲಿ ಇದೇ ರೂಪದಲ್ಲಿ ಕಂಡಿದ್ದೇನೆ. 8 ಜಿಬಿ ಲ್ಯಾಪ್‌ಟಾಪ್‌ನಿಂದಾಗಿ ಬಂದದ್ದು ಅವುಗಳಲ್ಲಿ ಒಂದೂ ಇಲ್ಲ. ಭಾಷೆ ಬದಲಿಸಿದರೆ ಹೋಗುವಂಥದ್ದೂ ಒಂದೂ ಇಲ್ಲ. ನೀವು ಓಡಿಸಿ ನೋಡಿದ ಆ್ಯಪ್ ಒಂದು, ಏಜೆಂಟರ ಕೈಗೆ ಹೋಗಬೇಕಾದ ಆ್ಯಪ್ ಇನ್ನೊಂದು. ನೀವು ನೋಡಿದ್ದು ಮೇಜಿನ ಮೇಲೆ, ಅವರು ಬಳಸುವುದು ಸಂತೆಯ ನಡುವೆ. ಈ ಎರಡು ಅಂತರಗಳನ್ನು ಮುಚ್ಚುವುದೇ ಪರೀಕ್ಷೆಯ ಕೆಲಸ, ಮತ್ತು ಅದಕ್ಕೆ ಬೇಕಾದ ಸಾಧನಗಳಲ್ಲಿ ಹೆಚ್ಚಿನವು ಪುಕ್ಕಟೆ ಸಿಗುತ್ತವೆ.

ಎಲ್ಲಕ್ಕಿಂತ ತುರ್ತಾಗಿ ಆಗಬೇಕಾದದ್ದು ಆ ಡಿಬಗ್ ಎಪಿಕೆಯನ್ನು ವಾಪಸ್ ಪಡೆಯುವುದು. ಡಿಬಗ್ ಆವೃತ್ತಿ ನಿಧಾನ ಎನ್ನುವುದು ಸಣ್ಣ ಮಾತು. ಯುಎಸ್‌ಬಿ ಡಿಬಗಿಂಗ್ ಆನ್ ಇರುವ ಫೋನಿಗೆ ಕೇಬಲ್ ಚುಚ್ಚಿ, ಪರದೆಯ ಮೇಲೆ ಬರುವ ಒಪ್ಪಿಗೆ ಒತ್ತಿದ ಯಾರು ಬೇಕಾದರೂ ಅದರ ಒಳಗಿನ ಡೇಟಾಬೇಸನ್ನು ಓದಬಹುದು, ಮತ್ತು ನಿಮ್ಮ ಡೇಟಾಬೇಸ್‌ನಲ್ಲಿ ಊರಿನವರ ಉಳಿತಾಯದ ಲೆಕ್ಕ ಇದೆ. ಇನ್ನೂ ಒಂದು ಸಂಗತಿ ಇದೆ, ಅದು ನಿಮ್ಮನ್ನು ಆಮೇಲೆ ಕಾಡುತ್ತದೆ. ಡಿಬಗ್ ಎಪಿಕೆಗೆ ಸಹಿ ಬೀಳುವುದು ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಡಿಬಗ್ ಕೀ ಎಂಬ ಗುಪ್ತ ಗುರುತಿನಿಂದ; ಆ್ಯಪ್ ಯಾರದು ಎಂದು ಆಂಡ್ರಾಯ್ಡ್ ತಿಳಿಯುವುದು ಈ ಸಹಿಯಿಂದ. ನಾಳೆ ನಿಜವಾದ ಕೀಯಿಂದ ಸಹಿ ಮಾಡಿದ ಆವೃತ್ತಿ ಕೊಟ್ಟಾಗ ಆಂಡ್ರಾಯ್ಡ್ ಅದನ್ನು ಹಳೆಯದರ ಮೇಲೆ ಹಾಕಲು ಬಿಡುವುದಿಲ್ಲ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಲೇಬೇಕು. ಮಾಡಿದ ಕ್ಷಣ ಅಪ್‌ಲೋಡ್ ಆಗದೆ ಫೋನಿನಲ್ಲೇ ಉಳಿದ ಜಮೆಗಳು ಅಳಿಸಿಹೋಗುತ್ತವೆ. ಆದ್ದರಿಂದ ಇಬ್ಬರೂ ಏಜೆಂಟರನ್ನು ಕಚೇರಿಗೆ ಕರೆಸಿ, ಪಟ್ಟಿ ಪೂರ್ತಿ ಸರ್ವರ್‌ಗೆ ಹೋಗಿದೆ ಎಂದು ಪುಸ್ತಕದ ಜೊತೆ ತಾಳೆ ನೋಡಿ, ಆಮೇಲೆ ತೆಗೆಯಿರಿ. ಫ್ಲಟರ್‌ನ ಹೊಸ ಪ್ರಾಜೆಕ್ಟ್‌ನಲ್ಲಿ ರಿಲೀಸ್ ಆವೃತ್ತಿಗೂ ಡಿಬಗ್ ಕೀಯನ್ನೇ ಹಚ್ಚಿಟ್ಟಿರುತ್ತಾರೆ ಎಂಬುದನ್ನೂ ಗಮನಿಸಿ. ನಿಮ್ಮದೇ ಕೀಸ್ಟೋರ್ (ಕೀ ಇಡುವ ಫೈಲ್) ಮಾಡಿ, ಅದರ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಕಡೆ ಇಡಿ.

ರಿಲೀಸ್ ಎಪಿಕೆಗೆ ಸರ್ವರ್ ಸಿಗದ ಕಾರಣ ಬಹುತೇಕ ಒಂದೇ ಸಾಲು. ಇಂಟರ್‌ನೆಟ್ ಬಳಸಲು ಆ್ಯಪ್ ತನ್ನ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಅನುಮತಿ ಕೇಳಿರಬೇಕು. ಫ್ಲಟರ್ ಈ ಸಾಲನ್ನು ಡಿಬಗ್ ಮತ್ತು ಪ್ರೊಫೈಲ್ ಫೋಲ್ಡರ್‌ಗಳ ಮ್ಯಾನಿಫೆಸ್ಟ್‌ನಲ್ಲಿ ತಾನೇ ಬರೆದಿಡುತ್ತದೆ, ಏಕೆಂದರೆ ಬದಲಿಸಿದ ಕೋಡನ್ನು ಓಡುತ್ತಿರುವ ಆ್ಯಪ್‌ನಲ್ಲೇ ತೋರಿಸುವ ಹಾಟ್ ರೀಲೋಡ್‌ಗೆ ಅದು ಬೇಕು. ಮೇನ್ ಫೋಲ್ಡರ್‌ನ ಮ್ಯಾನಿಫೆಸ್ಟ್‌ನಲ್ಲಿ ಬರೆಯುವುದಿಲ್ಲ, ಅಲ್ಲಿ ನೀವೇ ಸೇರಿಸಬೇಕು. ಅದನ್ನು ಸೇರಿಸಿದ ಮೇಲೂ ಸಿಗದಿದ್ದರೆ ಸರ್ವರ್ ವಿಳಾಸ ನೋಡಿ. ಎಮ್ಯುಲೇಟರ್‌ನಲ್ಲಿ 10.0.2.2 ಎಂದರೆ ನಿಮ್ಮದೇ ಲ್ಯಾಪ್‌ಟಾಪ್. ಏಜೆಂಟರ ಫೋನಿನಲ್ಲಿ ಆ ವಿಳಾಸಕ್ಕೆ ಅರ್ಥವೇ ಇಲ್ಲ. ರಿಲೀಸ್‌ನಲ್ಲಿ ಮಾತ್ರ ಬರುವ ಇನ್ನೊಂದು ಬಗೆಯ ತೊಂದರೆ ಆರ್8 ಎಂಬ ಸಾಧನದ್ದು. ಬಳಕೆಯಾಗದ ಜಾವಾ, ಕಾಟ್ಲಿನ್ ಕೋಡನ್ನು ಅದು ಕತ್ತರಿಸಿ ಹೆಸರುಗಳನ್ನು ಚುಟುಕು ಮಾಡುತ್ತದೆ. ನೀವು ಸೇರಿಸಿದ ಪ್ಲಗಿನ್ (ಬೇರೆಯವರು ಬರೆದ ಸಿದ್ಧ ಕೋಡ್) ಯಾವುದೋ ಕ್ಲಾಸನ್ನು (ಕೋಡ್‌ನ ಒಂದು ಭಾಗ) ಹೆಸರು ಹಿಡಿದು ಹುಡುಕುತ್ತಿದ್ದರೆ ಅದು ಸಿಗದೆ ಆ್ಯಪ್ ಬೀಳುತ್ತದೆ. ಆದ್ದರಿಂದ ಬರೆಯುವಾಗ ಡಿಬಗ್ ಇರಲಿ, ಆದರೆ "ಆಯಿತು" ಎಂದು ಹೇಳುವ ಮುನ್ನ ರಿಲೀಸ್ ಆವೃತ್ತಿಯನ್ನು ನಿಜವಾದ ಫೋನಿನಲ್ಲಿ ಓಡಿಸಿಯೇ ಹೇಳಬೇಕು.

ಎಮ್ಯುಲೇಟರ್ ಸುಳ್ಳು ಹೇಳುತ್ತದೆ ಎಂಬ ಮಾತು ಕೇಳಿರುತ್ತೀರಿ. ಅದು ಪೂರ್ತಿ ನಿಜವಲ್ಲ. ಬೇರೆ ಬೇರೆ ಆಂಡ್ರಾಯ್ಡ್ ಆವೃತ್ತಿ, ಸಣ್ಣ ಪರದೆ, ದೊಡ್ಡ ಅಕ್ಷರ, ನಿಧಾನ ನೆಟ್‌ವರ್ಕ್ ಇವನ್ನೆಲ್ಲ ಎಮ್ಯುಲೇಟರ್‌ನಲ್ಲಿ ಚೆನ್ನಾಗಿಯೇ ನೋಡಬಹುದು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಗರಿಷ್ಠಕ್ಕೆ ಏರಿಸಿ ನಿಮ್ಮ ಆ್ಯಪ್ ಒಮ್ಮೆ ತೆರೆಯಿರಿ. ಐವತ್ತು ದಾಟಿದ ಏಜೆಂಟರ ಫೋನ್ ಹಾಗೆಯೇ ಇರುತ್ತದೆ, ಮತ್ತು "ಜಮೆ ಮಾಡಿ" ಗುಂಡಿ ಪರದೆಯ ಕೆಳಗೆ ಕಾಣೆಯಾಗಿರುವ ಸಾಧ್ಯತೆ ದೊಡ್ಡದು. ಆದರೆ ಎಮ್ಯುಲೇಟರ್ ಓಡುವುದು ನಿಮ್ಮ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ನ ಬಲದ ಮೇಲೆ. ಅದರಲ್ಲಿ ಫೋನ್ ಕಂಪನಿಯವರು ಸೇರಿಸಿದ ಬ್ಯಾಟರಿ ಉಳಿಸುವ ನಿಯಮಗಳಿಲ್ಲ, ನಿಮ್ಮ ಮೇಜಿನ ಮೇಲಿನ ಪ್ರಿಂಟರ್ ಅದಕ್ಕೆ ಕಾಣುವುದಿಲ್ಲ, ಫೋನ್‌ಪೇ, ವಾಟ್ಸ್‌ಆ್ಯಪ್ ಎಲ್ಲ ತೆರೆದುಕೊಂಡು ಮೆಮೊರಿಗಾಗಿ ಕಿತ್ತಾಡುವುದಿಲ್ಲ. ನಿಮ್ಮ ಉಳಿದ ತೊಂದರೆಗಳು ಹುಟ್ಟಿದ್ದು ಇಲ್ಲೇ.

ರಸೀದಿಯ ವಿಷಯ

ಕನ್ನಡದಲ್ಲಿ ಆ್ಯಪ್ ಮಾಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ಇಲ್ಲಿ ಮುಗ್ಗರಿಸುತ್ತಾರೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರದೆಯ ಮೇಲೆ "ಲಕ್ಷ್ಮಮ್ಮ" ಸರಿಯಾಗಿ ಕಾಣುತ್ತದೆ, ಕಾಗದದ ಮೇಲೆ ಒಡೆಯುತ್ತದೆ. ಫಾಂಟ್ ಸರಿ ಇಲ್ಲ ಎಂದು ನೀವು ಒಂದರ ಮೇಲೊಂದು ಫಾಂಟ್ ಬದಲಿಸಿ ನೋಡಿರಬಹುದು. ದೋಷ ಫಾಂಟ್‌ನದಲ್ಲ. ಯುನಿಕೋಡ್‌ನಲ್ಲಿ (ಕಂಪ್ಯೂಟರ್ ಅಕ್ಷರಗಳಿಗೆ ಕೊಡುವ ಜಾಗತಿಕ ಸಂಕೇತಪದ್ಧತಿ) "ಕ್ಷ್ಮ" ಎಂಬುದು ಕ, ಹಲಂತ, ಷ, ಹಲಂತ, ಮ ಎಂಬ ಐದು ಸಂಕೇತಗಳ ಸಾಲು. ಈ ಐದನ್ನು ನೋಡಿ ಯಾವ ಆಕಾರ ಎಲ್ಲಿ ಕೂರಬೇಕು, ಯಾವುದು ಒತ್ತಾಗಿ ಕೆಳಗಿಳಿಯಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಆಂಡ್ರಾಯ್ಡ್‌ನಲ್ಲೂ ಫ್ಲಟರ್‌ನಲ್ಲೂ ಹಾರ್ಫ್‌ಬಜ್ ಎಂಬ ತಂತ್ರಾಂಶ ಮಾಡುತ್ತದೆ. ಅಗ್ಗದ ಬ್ಲೂಟೂತ್ ಪ್ರಿಂಟರ್‌ನೊಳಗೆ ಹಾರ್ಫ್‌ಬಜ್ ಇಲ್ಲ, ಕನ್ನಡವೂ ಇಲ್ಲ. ಎಷ್ಟೋ ಪಿಡಿಎಫ್ ಲೈಬ್ರರಿಗಳಲ್ಲಿ ಕನ್ನಡ ಫಾಂಟ್ ಸೇರಿಸಬಹುದು, ಆದರೆ ಅಕ್ಷರ ಜೋಡಿಸುವ ಈ ಕೆಲಸ ಅವಕ್ಕೆ ಬರುವುದಿಲ್ಲ. ಸಂಕೇತಗಳನ್ನು ಒಂದರ ಪಕ್ಕ ಒಂದು ಇಟ್ಟು ಸುಮ್ಮನಾಗುತ್ತವೆ.

ದಾರಿ ಒಂದೇ. ರಸೀದಿಯನ್ನು ಫೋನಿನಲ್ಲೇ ಚಿತ್ರವಾಗಿ ಬಿಡಿಸಿ, ಆ ಚಿತ್ರವನ್ನು ಪ್ರಿಂಟರ್‌ಗೆ ಕಳಿಸುವುದು. 58 ಮಿಲಿಮೀಟರ್ ಕಾಗದದ ಪ್ರಿಂಟರ್‌ಗಳು ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕೆ ಮುದ್ರಿಸುತ್ತವೆ. ಆದ್ದರಿಂದ ಚಿತ್ರದ ಅಗಲ ಸರಿಯಾಗಿ 384 ಪಿಕ್ಸೆಲ್ ಇರಲಿ, ಬೂದು ಬಣ್ಣವಿಲ್ಲದೆ ಬರೀ ಕಪ್ಪು ಬಿಳುಪಿರಲಿ. ಒತ್ತಕ್ಷರದ ಕೆಳಗಿನ ಭಾಗ ಕತ್ತರಿಸದಂತೆ ಸಾಲಿನ ಎತ್ತರ ಇಂಗ್ಲಿಷಿಗಿಂತ ಹೆಚ್ಚು ಕೊಡಿ. ಇಡೀ ಚಿತ್ರವನ್ನು ಒಂದೇ ಏಟಿಗೆ ಕಳಿಸಿದರೆ ಪುಟ್ಟ ಪ್ರಿಂಟರ್‌ನ ಬಫರ್ ತುಂಬಿ ಅರ್ಧದಲ್ಲಿ ಕಸ ಮುದ್ರಣವಾಗುತ್ತದೆ. ಪಟ್ಟಿಪಟ್ಟಿಯಾಗಿ ತುಂಡು ಮಾಡಿ, ನಡುವೆ ಒಂಚೂರು ಬಿಡುವು ಕೊಟ್ಟು ಕಳಿಸಿ. ಹೀಗೆ ಮಾಡಿದರೆ ಮುದ್ರಣ ನಿಧಾನವಾಗುತ್ತದೆ, ಬ್ಯಾಟರಿ ಹೆಚ್ಚು ತಿನ್ನುತ್ತದೆ. ಆದರೆ ಗ್ರಾಹಕರ ಕೈಗೆ ಅವರ ಹೆಸರು ಸರಿಯಾಗಿ ಅಚ್ಚಾದ ಚೀಟಿ ಸಿಗುತ್ತದೆ. ಇಂಗ್ಲಿಷ್‌ನಲ್ಲಿ ಮುದ್ರಿಸಿಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ತನ್ನ ದುಡ್ಡಿನ ರಸೀದಿಯನ್ನು ತಾನೇ ಓದಿಕೊಳ್ಳುವುದು ಗ್ರಾಹಕರ ಹಕ್ಕು.

ಪರೀಕ್ಷೆಗೆಂದು ಒಂದು ಹೆಸರುಪಟ್ಟಿ ಮಾಡಿಟ್ಟುಕೊಳ್ಳಿ: ಲಕ್ಷ್ಮಮ್ಮ, ಸ್ತ್ರೀಶಕ್ತಿ ಸಂಘ, ಶ್ರೀಕೃಷ್ಣ ಸ್ಟೋರ್ಸ್, ಸೂರ್ಯನಾರಾಯಣ, ರಾಜ್‌ಕುಮಾರ್. ಕೊನೆಯದು ಮುದ್ರಣಕ್ಕಿಂತ ಹುಡುಕಾಟಕ್ಕೆ ಮುಖ್ಯ. "ಜ್" ಮತ್ತು "ಕು" ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ. ಗುಮಾಸ್ತರು ಅದನ್ನು ಹಾಕಿ ಟೈಪ್ ಮಾಡಿದ್ದು, ಏಜೆಂಟರು ಹಾಕದೆ ಹುಡುಕಿದ್ದಾದರೆ ಖಾತೆಯೇ ಇಲ್ಲ ಎಂದು ಬರುತ್ತದೆ, ಒಬ್ಬರಿಗೇ ಎರಡನೆಯ ಖಾತೆ ತೆರೆದುಬಿಡುತ್ತಾರೆ. ಇದೇ ರೀತಿ "ಕೊ" ಎಂಬುದನ್ನು ಯುನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಕೂಡಿಸಬಹುದು, ನೋಡಲು ಒಂದೇ. ಉಳಿಸುವಾಗ ಎಲ್ಲವನ್ನೂ ಒಂದೇ ಬಗೆಗೆ ತರುವ, ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಹುಡುಕಾಟಕ್ಕೆಂದು ಕಾಣದ ಸಂಕೇತಗಳನ್ನು ತೆಗೆದ ಇನ್ನೊಂದು ಪ್ರತಿ ಇಟ್ಟುಕೊಳ್ಳಿ, ತೋರಿಸುವ ಹೆಸರು ಇದ್ದಂತೆಯೇ ಇರಲಿ. ಸಂಘದ ಹಳೆಯ ಖಾತೆಪಟ್ಟಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಅದು ಯುನಿಕೋಡ್ ಅಲ್ಲವೇ ಅಲ್ಲ. ಮೊದಲು ಪರಿವರ್ತಿಸಿ, ಪರಿವರ್ತನೆಯಾದ ಪ್ರತಿ ಹೆಸರನ್ನೂ ಗುಮಾಸ್ತರ ಕಣ್ಣಿಗೆ ತೋರಿಸಿ.

ಪ್ರಿಂಟರ್ ಬಗ್ಗೆ ಕೊನೆಯ ಮಾತು: ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಬಳಸಲು ಆ್ಯಪ್ ಬಳಕೆದಾರರ ಹತ್ತಿರ ಬೇರೆಯೇ ಅನುಮತಿ ಕೇಳಬೇಕು. ಅದಕ್ಕೂ ಹಿಂದಿನ ಫೋನ್‌ಗಳಲ್ಲಿ ಸುತ್ತಲಿನ ಸಾಧನ ಹುಡುಕಲು ಲೊಕೇಶನ್ ಅನುಮತಿ ಬೇಕಿತ್ತು. ಎರಡೂ ಬಗೆಯ ಫೋನ್ ನಿಮ್ಮ ಮೇಜಿನ ಮೇಲಿರಬೇಕು.

ಸಂಜೆಯ ಅಪ್‌ಲೋಡ್, ಎರಡು ಸಲದ ಜಮೆ

ಆಂಡ್ರಾಯ್ಡ್ 6ರಿಂದ ಡೋಜ್ ಎಂಬ ವ್ಯವಸ್ಥೆ ಇದೆ. ಪರದೆ ಆರಿ, ಚಾರ್ಜರ್ ಇಲ್ಲದೆ, ಫೋನ್ ಒಂದೆಡೆ ಅಲುಗಾಡದೆ ಬಿದ್ದಿದ್ದರೆ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನು, ನೆಟ್‌ವರ್ಕ್ ಬಳಕೆಯನ್ನು ಅದು ತಡೆಹಿಡಿಯುತ್ತದೆ. ನಿಮ್ಮ ಪರೀಕ್ಷೆಯ ಫೋನ್ ಸದಾ ಯುಎಸ್‌ಬಿ ಕೇಬಲ್‌ನಲ್ಲಿ ಚಾರ್ಜ್ ಆಗುತ್ತಲೇ ಇರುತ್ತದೆ. ಅಂದರೆ ಡೋಜ್ ನಿಮ್ಮ ಕಣ್ಣೆದುರು ಎಂದೂ ಶುರುವಾಗುವುದೇ ಇಲ್ಲ! ಏಜೆಂಟರು ಸಂಜೆ ಮನೆಗೆ ಹೋಗಿ ಫೋನನ್ನು ಕಪಾಟಿನ ಮೇಲೆ ಇಟ್ಟ ಮೇಲೆಯೇ ಅದು ಎಚ್ಚರಗೊಳ್ಳುವುದು. ಇದರ ಮೇಲೆ ಕೆಲವು ಕಂಪನಿಗಳ ಫೋನ್‌ಗಳಲ್ಲಿ ಆಟೋಸ್ಟಾರ್ಟ್ ಎಂಬ ಬೇರೆ ಪಟ್ಟಿ ಇರುತ್ತದೆ. ಅದರಲ್ಲಿ ಹೆಸರಿಲ್ಲದ ಆ್ಯಪ್ಪನ್ನು ಇತ್ತೀಚಿನ ಪಟ್ಟಿಯಿಂದ ಸವರಿ ತೆಗೆದ ಕೂಡಲೇ ಅದರ ಹಿನ್ನೆಲೆ ಕೆಲಸವೂ ನಿಲ್ಲುತ್ತದೆ.

ಪರೀಕ್ಷಿಸುವುದು ಹೇಗೆ? ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕೊಡುವ ಎಡಿಬಿ ನಿಮ್ಮ ಹತ್ತಿರ ಈಗಾಗಲೇ ಇದೆ, ಆ್ಯಪ್ ಕಟ್ಟಲು ಬೇಕಾದ ಆಂಡ್ರಾಯ್ಡ್ ಎಸ್‌ಡಿಕೆ ಜೊತೆಗೇ ಬರುತ್ತದೆ. ಅದರ ಡಂಪ್‌ಸಿಸ್ ಆದೇಶದಿಂದ ಬ್ಯಾಟರಿಯನ್ನು "ಅನ್‌ಪ್ಲಗ್" ಸ್ಥಿತಿಗೆ ತಂದರೆ ಕೇಬಲ್ ಚುಚ್ಚಿದ್ದರೂ ಫೋನ್ ಚಾರ್ಜರ್ ಇಲ್ಲವೆಂದೇ ತಿಳಿಯುತ್ತದೆ. ಅದೇ ಡಂಪ್‌ಸಿಸ್‌ನ ಡಿವೈಸ್‌ಐಡಲ್ ವಿಭಾಗದಲ್ಲಿ ಫೋರ್ಸ್-ಐಡಲ್ ಕೊಟ್ಟರೆ ಡೋಜ್ ಆ ಕ್ಷಣವೇ ಶುರುವಾಗುತ್ತದೆ. ಈಗ ಫೋನಿನ ಒಳಗಿನ ದಾಖಲೆ ತೋರಿಸುವ ಲಾಗ್‌ಕ್ಯಾಟ್ ನೋಡುತ್ತ ಕೂತರೆ ನಿಮ್ಮ ಅಪ್‌ಲೋಡ್ ಎಲ್ಲಿ ನಿಂತಿತು ಎಂಬುದು ಕಾಣುತ್ತದೆ. ಡೆವಲಪರ್ ಆಪ್ಶನ್ಸ್‌ನಲ್ಲಿ "ಡೋಂಟ್ ಕೀಪ್ ಆ್ಯಕ್ಟಿವಿಟೀಸ್" ಎಂಬ ಗುಂಡಿಯೂ ಇದೆ. ಅದನ್ನು ಆನ್ ಮಾಡಿ, ಮೊತ್ತ ಟೈಪ್ ಮಾಡುತ್ತ ಅರ್ಧದಲ್ಲಿ ಇನ್ನೊಂದು ಆ್ಯಪ್‌ಗೆ ಹೋಗಿ ವಾಪಸ್ ಬನ್ನಿ. ಕಡಿಮೆ ಮೆಮೊರಿಯ ಫೋನಿನಲ್ಲಿ ಏಜೆಂಟರು ಒಂದು ಕರೆ ಸ್ವೀಕರಿಸಿ ಬಂದಾಗ ಏನಾಗುತ್ತದೋ ಅದು ನಿಮಗೂ ಕಾಣುತ್ತದೆ.

ಪರಿಹಾರದ ಮಟ್ಟಿಗೆ, ಆ್ಯಪ್‌ನೊಳಗಿನ ಟೈಮರ್ ನಂಬಬೇಡಿ, ಹಿನ್ನೆಲೆ ಕೆಲಸಕ್ಕೆಂದೇ ಇರುವ ಆಂಡ್ರಾಯ್ಡ್‌ನ ವರ್ಕ್‌ಮ್ಯಾನೇಜರ್ ಬಳಸಿ. ಮರುಕಳಿಸುವ ಕೆಲಸಕ್ಕೆ ಅದರಲ್ಲಿ ಕನಿಷ್ಠ ಅಂತರ 15 ನಿಮಿಷ, ಅದೂ ಹೇಳಿದ ಸಮಯಕ್ಕೇ ಆಗುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ನನ್ನ ಸಲಹೆ: "ಸಂಜೆ ತಾನಾಗಿ" ಎಂಬ ಯೋಚನೆಯನ್ನೇ ಬಿಡಿ. ಪ್ರತಿ ಜಮೆ ಮೊದಲು ಫೋನಿನ ಎಸ್‌ಕ್ಯೂಲೈಟ್ ಡೇಟಾಬೇಸ್‌ನಲ್ಲಿ ಕೂರಲಿ, ನೆಟ್ ಇದ್ದರೆ ಆಗಲೇ ಸರ್ವರ್‌ಗೆ ಹೋಗಲಿ, ಇಲ್ಲದಿದ್ದರೆ ಮುಂದಿನ ಅಂಗಡಿಯಲ್ಲಿ ಆ್ಯಪ್ ತೆರೆದಾಗ ಹೋಗಲಿ. ಮೇಲ್ಭಾಗದಲ್ಲಿ "ಕಳಿಸಬೇಕಾದದ್ದು: 6" ಎಂದು ದೊಡ್ಡದಾಗಿ ಕಾಣಲಿ, ಪಕ್ಕದಲ್ಲಿ "ಈಗಲೇ ಕಳಿಸಿ" ಗುಂಡಿ ಇರಲಿ. ಏಜೆಂಟರು ದಿನದ ಲೆಕ್ಕ ಒಪ್ಪಿಸುವ ಮೊದಲು ಅದು ಸೊನ್ನೆಯಾಗಿರಬೇಕು ಎಂಬ ನಿಯಮವನ್ನು ಸಂಘವೇ ಮಾಡಲಿ.

ಎರಡು ಸಲ ಜಮೆಯಾದದ್ದು ಈ ಪತ್ರದಲ್ಲಿ ನನ್ನನ್ನು ಅತಿ ಹೆಚ್ಚು ಕಳವಳಗೊಳಿಸಿದ ಸಂಗತಿ. ಆಗಿರುವುದು ಹೀಗೆ: ಫೋನ್ ಜಮೆಯನ್ನು ಕಳಿಸಿತು, ಸರ್ವರ್ ಬರೆದುಕೊಂಡಿತು, "ಬಂತು" ಎಂಬ ಉತ್ತರ ವಾಪಸ್ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಹೋಗಿಲ್ಲ ಎಂದುಕೊಂಡ ಫೋನ್ ಮತ್ತೆ ಕಳಿಸಿತು. ಸಾಗರ, ಹೊಸನಗರದ ಕಡೆ ಸಿಗ್ನಲ್ ಹೇಗೆ ಬಂದು ಹೋಗುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಮದ್ದು ಸರಳ. ಜಮೆ ಹುಟ್ಟುವಾಗಲೇ ಫೋನ್ ಅದಕ್ಕೊಂದು ಯುಯುಐಡಿ (ಇನ್ನೊಂದಕ್ಕೆ ಬಾರದ ಗುರುತು ಸಂಖ್ಯೆ) ಕೊಡಲಿ. ಎಷ್ಟು ಸಲ ಕಳಿಸಿದರೂ ಅದೇ ಗುರುತು ಹೋಗಲಿ. ಸರ್ವರ್‌ನ ಟೇಬಲ್‌ನಲ್ಲಿ ಆ ಕಾಲಂಗೆ, ಒಂದೇ ಗುರುತು ಎರಡು ಸಲ ಕೂರದಂತೆ, ಯೂನಿಕ್ ನಿರ್ಬಂಧ ಹಾಕಿ. ಎರಡನೆಯ ಸಲ ಬಂದರೆ ಹೊಸದಾಗಿ ಬರೆಯದೆ "ಈಗಾಗಲೇ ಬಂದಿದೆ" ಎಂದು ಒಪ್ಪಿಗೆಯ ಉತ್ತರ ಕೊಡಲಿ. ಇದನ್ನು ಪರೀಕ್ಷಿಸಲು ಸರ್ವರ್ ಕೋಡ್‌ನಲ್ಲಿ ಬರೆದುಕೊಂಡ ನಂತರ, ಉತ್ತರ ಕೊಡುವ ಮುನ್ನ, ಬೇಕೆಂದೇ 20 ಸೆಕೆಂಡ್ ತಡ ಸೇರಿಸಿ. ಆ ಹೊತ್ತಿನಲ್ಲಿ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮತ್ತೆ ತೆಗೆಯಿರಿ. ಟೇಬಲ್‌ನಲ್ಲಿ ಒಂದೇ ಸಾಲು ಇರಬೇಕು. ಇದನ್ನು ದಾಟದೆ ಉಳಿದ ಏಳು ಏಜೆಂಟರಿಗೆ ಆ್ಯಪ್ ಕೊಡಬೇಡಿ.

ಇನ್ನೂ ಎರಡು ಎಚ್ಚರ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದರೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನಮ್ಮ ಬೆಳಗಿನ 5.30ಕ್ಕೆ ಮುಂಚಿನ ಜಮೆ ಹಿಂದಿನ ದಿನದ ತಾರೀಖಿಗೆ ಹೋಗುತ್ತದೆ. ಹೂವಿನವರು, ಹಾಲಿನವರು ಕೊಡುವುದು ಆ ಹೊತ್ತಿಗೇ. ಹಾಗೆಯೇ ಹಣವನ್ನು ಡಬಲ್ ಎಂಬ ಬಗೆಯ ಸಂಖ್ಯೆಯಾಗಿ ಇಡಬೇಡಿ, ಅದರಲ್ಲಿ ಪೈಸೆ ಕರಾರುವಾಕ್ಕಾಗಿ ಉಳಿಯುವುದಿಲ್ಲ; ಪೈಸೆಗಳ ಪೂರ್ಣಾಂಕವಾಗಿ ಇಡಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ಪಿಗ್ಮಿ ನಮ್ಮ ನೆಲದಲ್ಲೇ ಹುಟ್ಟಿದ ಪದ್ಧತಿ. ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಲು ತೊಡಗಿತು. ಅದು ಇಷ್ಟು ಕಾಲ ನಡೆದುಕೊಂಡು ಬಂದದ್ದು ಏಜೆಂಟರ ಮಾತಿನ ಮೇಲೆ, ಅವರು ಬರೆದ ಪುಸ್ತಕದ ಮೇಲೆ. ನಿಮ್ಮ ಆ್ಯಪ್ ಆ ಪುಸ್ತಕದ ಜಾಗಕ್ಕೆ ಬರುತ್ತಿದೆ. ಲೆಕ್ಕ ಒಮ್ಮೆ ತಪ್ಪಿದರೆ ಹೆಸರು ಕೆಡುವುದು ನಿಮ್ಮದಲ್ಲ, ಬಿಸಿಲಲ್ಲಿ ಅಂಗಡಿ ಅಂಗಡಿ ತಿರುಗುವ ಆ ಏಜೆಂಟರದು.

ಕಚೇರಿಯ ಕಂಪ್ಯೂಟರ್‌ಗಳು

ವಿಂಡೋಸ್ 10ರಲ್ಲಿ ಕಾಣೆಯಾದ ಡಿಎಲ್‌ಎಲ್ ಬಹುಶಃ ವಿಷುಯಲ್ ಸಿ++ ರನ್‌ಟೈಮ್‌ನದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ವಿಷುಯಲ್ ಸ್ಟುಡಿಯೋ ಇರುವುದರಿಂದ ಆ ಫೈಲ್‌ಗಳು ಮೊದಲೇ ಇವೆ, ಕಚೇರಿಯಲ್ಲಿ ಇಲ್ಲ. ಅವನ್ನು ನಿಮ್ಮ ಪ್ರೋಗ್ರಾಂ ಜೊತೆಗೇ ಸೇರಿಸಿ, ಅಥವಾ ಮೈಕ್ರೋಸಾಫ್ಟ್ ಪುಕ್ಕಟೆ ಕೊಡುವ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜನ್ನು ಇನ್‌ಸ್ಟಾಲರ್‌ಗೆ ಹಾಕಿ. ಡೆಸ್ಕ್‌ಟಾಪ್ ತಂತ್ರಾಂಶವನ್ನು ಬರೆದ ಯಂತ್ರದಲ್ಲೇ ಪರೀಕ್ಷಿಸುವುದು ಪರೀಕ್ಷೆಯಲ್ಲ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಸ್ಯಾಂಡ್‌ಬಾಕ್ಸ್ ಎಂಬ ಸೌಲಭ್ಯವಿದೆ, ಪ್ರತಿ ಸಲ ಏನೂ ಇಲ್ಲದ ಹೊಸ ವಿಂಡೋಸ್ ತೆರೆಯುತ್ತದೆ. ಹೋಮ್ ಆವೃತ್ತಿ ಇದ್ದರೆ, ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಸಾಕು.

ವಿಂಡೋಸ್ 7ರ ಕಥೆ ಬೇರೆ. ಮೈಕ್ರೋಸಾಫ್ಟ್ ಅದರ ಬೆಂಬಲವನ್ನು 2020ರ ಜನವರಿ 14ಕ್ಕೆ ನಿಲ್ಲಿಸಿತು. ಫ್ಲಟರ್ ಕೇಳುವುದು ವಿಂಡೋಸ್ 10 ಅಥವಾ ಮೇಲಿನದು. ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಇನ್ನೊಂದು ಸಾಧನವಾದ ಎಲೆಕ್ಟ್ರಾನ್‌ಗೆ ಹೋದರೆ ಆದೀತೇ ಎಂದರೆ, ಅದೂ 23ನೇ ಆವೃತ್ತಿಯಿಂದ ವಿಂಡೋಸ್ 7 ಬಿಟ್ಟಿದೆ. ಹಳೆಯ ಆವೃತ್ತಿ ಹಿಡಿದು ಓಡಿಸಬಹುದು, ಆದರೆ ಭದ್ರತೆಯ ತೇಪೆ ಬೀಳದ ಯಂತ್ರದಲ್ಲಿ, ತೇಪೆ ಬೀಳದ ತಂತ್ರಾಂಶದಲ್ಲಿ ಠೇವಣಿ ಲೆಕ್ಕ ಇಟ್ಟಂತಾಗುತ್ತದೆ. ಅದನ್ನು ನಾನು ಒಪ್ಪಲಾರೆ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನು ಸಂಘದ ಕಾರ್ಯದರ್ಶಿಯವರಿಗೆ ಬರವಣಿಗೆಯಲ್ಲೇ ತಿಳಿಸಿ. ಯಂತ್ರ ಬದಲಿಸುವುದು ಅವರ ಖರ್ಚು, ನಿಮ್ಮ 40 ಸಾವಿರದ್ದಲ್ಲ.

ನಿಜ ಹೇಳಬೇಕೆಂದರೆ, ಕಚೇರಿಗೆ ಡೆಸ್ಕ್‌ಟಾಪ್ ಆ್ಯಪ್ ಬೇಕೇ ಎಂದೇ ನನಗೆ ಅನುಮಾನ. ಗುಮಾಸ್ತರು ಮಾಡುವುದು ದಿನದ ಪಟ್ಟಿ ನೋಡುವುದು, ತಾಳೆ ಹಾಕುವುದು, ಮುದ್ರಿಸುವುದು. ಲೆಕ್ಕ ಹೇಗೂ ಸರ್ವರ್‌ನಲ್ಲಿದೆ. ಸಾದಾ ಎಚ್‌ಟಿಎಂಎಲ್‌ನ ಒಂದು ಪುಟ ಬ್ರೌಸರ್‌ನಲ್ಲಿ ತೆರೆದರೆ ಇನ್‌ಸ್ಟಾಲ್ ಮಾಡುವ, ಡಿಎಲ್‌ಎಲ್ ಹುಡುಕುವ, ಸಹಿಯಿಲ್ಲದ ಪ್ರೋಗ್ರಾಂ ಎಂದು ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಎಚ್ಚರಿಸುವ ತಾಪತ್ರಯ ಯಾವುದೂ ಇಲ್ಲ. ಬ್ರೌಸರ್ ಕನ್ನಡವನ್ನು ಸರಿಯಾಗಿಯೇ ಮುದ್ರಿಸುತ್ತದೆ. ನೆಟ್ ಹೋದಾಗ ಕೆಲಸ ನಿಲ್ಲುತ್ತದೆ ಎಂಬುದೊಂದೇ ಕೊರತೆ. ಪ್ರತಿ ಸಂಜೆ ಪಟ್ಟಿಯ ಒಂದು ಪ್ರತಿ ಮುದ್ರಿಸಿಟ್ಟರೆ ಆ ದಿನಕ್ಕೆ ಸಾಕಾಗುತ್ತದೆ.

ಗೆಳೆಯರ ಸಲಹೆಗಳು

ಮ್ಯಾಕ್: ಐಫೋನ್ ಆ್ಯಪ್ ಕಟ್ಟಲು ಬೇಕಾದ ಎಕ್ಸ್‌ಕೋಡ್ ಮ್ಯಾಕ್‌ನಲ್ಲಷ್ಟೇ ಓಡುತ್ತದೆ ಎಂಬುದು ನಿಜ. ಆದರೆ ನಿಮ್ಮ 9 ಏಜೆಂಟರಲ್ಲಿ ಐಫೋನ್ ಇರುವವರು ಯಾರು? ಮುಂದೆ ಬೇಕಾದರೆ ಕೋಡ್‌ಮ್ಯಾಜಿಕ್, ಗಿಟ್‌ಹಬ್ ಆ್ಯಕ್ಷನ್ಸ್ ಮುಂತಾದ ಕಡೆ ಬಾಡಿಗೆಯ ಮ್ಯಾಕ್ ಮೇಲೆ ಕಟ್ಟಿಸಬಹುದು, ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಶುಲ್ಕ ಬೇರೆ. ಈಗ ಬೇಡ.

ಕಾಟ್ಲಿನ್: ಒಳ್ಳೆಯ ಭಾಷೆ, 2019ರಿಂದ ಗೂಗಲ್ ಆಂಡ್ರಾಯ್ಡ್‌ಗೆ ಅದನ್ನೇ ಮುಂದಿಡುತ್ತಿದೆ. ಆದರೆ ಡೋಜ್, ಪ್ರಿಂಟರ್, ಎರಡು ಸಲದ ಜಮೆ ಕಾಟ್ಲಿನ್‌ನಲ್ಲೂ ಹೀಗೇ ಇರುತ್ತವೆ. ಬರೆದದ್ದನ್ನೆಲ್ಲ ಬಿಟ್ಟು ಮತ್ತೆ ಬರೆದರೆ ಹಳೆಯ ತಪ್ಪಿನ ಜೊತೆ ಹೊಸ ತಪ್ಪೂ ಸೇರುತ್ತದೆ.

ಹೊಸ ಲ್ಯಾಪ್‌ಟಾಪ್: 16 ಜಿಬಿ ಇದ್ದರೆ ಕೆಲಸ ಹಗುರ, ಅನುಮಾನವಿಲ್ಲ. ಆದರೆ 8 ಜಿಬಿಯಲ್ಲಿ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್, ಕ್ರೋಮ್ ಮೂರನ್ನೂ ಒಟ್ಟಿಗೆ ತೆರೆಯದಿದ್ದರೆ ಕೆಲಸ ನಡೆಯುತ್ತದೆ. ಬರೆಯಲು ವಿಎಸ್ ಕೋಡ್, ಓಡಿಸಲು ಕೇಬಲ್‌ನಲ್ಲಿ ನಿಜವಾದ ಫೋನ್, ಅದರ ಪರದೆಯನ್ನು ಲ್ಯಾಪ್‌ಟಾಪ್‌ನಲ್ಲಿ ನೋಡಲು ಎಸ್‌ಸಿಆರ್‌ಸಿಪಿವೈ ಎಂಬ ಪುಕ್ಕಟೆ ಸಾಧನ. ನಿಮ್ಮ ಪ್ರಾಜೆಕ್ಟ್‌ನ ಆಂಡ್ರಾಯ್ಡ್ ಫೋಲ್ಡರ್‌ನಲ್ಲಿ ಗ್ರೇಡಲ್ ಪ್ರಾಪರ್ಟೀಸ್ ಫೈಲ್ ತೆರೆದು ನೋಡಿ. ಈಚಿನ ಫ್ಲಟರ್ ಅದರಲ್ಲಿ, ಆ್ಯಪ್ ಕಟ್ಟುವ ಸಾಧನವಾದ ಗ್ರೇಡಲ್‌ಗೆ 8 ಜಿಬಿ ತನಕ ಮೆಮೊರಿ ಬಳಸಲು ಬಿಡುವ ಸಾಲು ಬರೆದಿರುತ್ತದೆ. ಇರುವುದೇ 8 ಜಿಬಿ ಎಂದ ಮೇಲೆ ಲ್ಯಾಪ್‌ಟಾಪ್ ತೆವಳದೆ ಇನ್ನೇನು ಮಾಡೀತು? 2 ಅಥವಾ 3 ಜಿಬಿಗೆ ಇಳಿಸಿ. ಇನ್ನೂ ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್‌ಗೆ ಖಾಲಿ ಸ್ಲಾಟ್ ಇದ್ದರೆ ತುಂಬಿಸಿ.

ಕ್ಲೌಡ್ ಟೆಸ್ಟಿಂಗ್: ಬೇರೆ ಬೇರೆ ಫೋನ್‌ಗಳಲ್ಲಿ ಪರದೆ ಸರಿ ಕಾಣುತ್ತದೆಯೇ, ತೆರೆದ ಕೂಡಲೇ ಬೀಳುತ್ತದೆಯೇ ಎಂದು ನೋಡಲು ಒಳ್ಳೆಯದು. ಗೂಗಲ್‌ನ ಫೈರ್‌ಬೇಸ್ ಟೆಸ್ಟ್ ಲ್ಯಾಬ್‌ನಲ್ಲಿ ದಿನಕ್ಕೆ ಕೆಲವು ಪರೀಕ್ಷೆ ಪುಕ್ಕಟೆ; ರೋಬೋ ಎಂಬ ಆಯ್ಕೆ ಕೊಟ್ಟರೆ ಅದೇ ಗುಂಡಿಗಳನ್ನು ಒತ್ತುತ್ತ ಹೋಗಿ ಚಿತ್ರ ತೆಗೆದು ಕೊಡುತ್ತದೆ. ಅಷ್ಟು ಬಳಸಿಕೊಳ್ಳಿ, ದುಡ್ಡು ಕಟ್ಟಬೇಡಿ. ನಿಮ್ಮ ಪ್ರಿಂಟರ್ ಅಲ್ಲಿಲ್ಲ, ನಿಮ್ಮೂರಿನ ಸಿಗ್ನಲ್ ಅಲ್ಲಿಲ್ಲ. ಅಲ್ಲಿಗೆ ಗ್ರಾಹಕರ ನಿಜವಾದ ಹೆಸರು, ಮೊಬೈಲ್ ಸಂಖ್ಯೆ ಎಂದೂ ಕಳಿಸಬೇಡಿ. ಕಲ್ಪಿತ ಪಟ್ಟಿಯನ್ನೇ ಬಳಸಿ.

ಹಾಗಾದರೆ 40 ಸಾವಿರ? 9 ಜನ ಏಜೆಂಟರ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ರ‍್ಯಾಮ್ ಬರೆದುಕೊಂಡು ಬನ್ನಿ. ಅದರಲ್ಲಿ ಅತಿ ಹಳೆಯದು, ಅತಿ ಕಡಿಮೆ ರ‍್ಯಾಮ್‌ನದು, ಹೆಚ್ಚು ಜನರ ಹತ್ತಿರ ಇರುವುದು, ಈ ಮೂರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಿ. ಏಜೆಂಟರು ಬಳಸುವ ಮಾಡೆಲ್‌ನದೇ ಒಂದು ಪ್ರಿಂಟರ್ ಕೊಳ್ಳಿ. ಮಿಕ್ಕ ಹಣದಲ್ಲಿ ಲ್ಯಾಪ್‌ಟಾಪ್‌ನ ರ‍್ಯಾಮ್ ನೋಡಿ. ಸ್ವಯಂಚಾಲಿತ ಪರೀಕ್ಷೆಗಳಲ್ಲಿ ನೀವು ಈಗ ಬರೆಯಬೇಕಾದದ್ದು ಕಡಿಮೆ: ಮೊತ್ತ, ಬಡ್ಡಿ, ತಾರೀಖಿನ ಲೆಕ್ಕಕ್ಕೆ ಯೂನಿಟ್ ಟೆಸ್ಟ್, ಮತ್ತು ಲಾಗಿನ್ ಆಗಿ ಒಂದು ಜಮೆ ಮಾಡಿ ಕಳಿಸುವ ತನಕದ ದಾರಿಗೆ ಫ್ಲಟರ್‌ನದೇ ಒಂದು ಇಂಟಿಗ್ರೇಶನ್ ಟೆಸ್ಟ್. ಪರೀಕ್ಷೆಗೆಂದೇ ಇರುವ ಆಪಿಯಂ ಸಾಧನ ಕಲಿಯುವ ಆಸೆಯಿದ್ದರೆ ಆಮೇಲೆ ಕಲಿಯಿರಿ. ಕ್ರ್ಯಾಶ್ಲಿಟಿಕ್ಸ್ ಮಾತ್ರ ಇವತ್ತೇ ಸೇರಿಸಿ. ಪುಕ್ಕಟೆ, ಯಾವ ಮಾಡೆಲ್‌ನ ಫೋನಿನಲ್ಲಿ, ಕೋಡ್‌ನ ಯಾವ ಸಾಲಿನಲ್ಲಿ ಆ್ಯಪ್ ಬಿತ್ತು ಎಂದು ನಿಮಗೆ ತಿಳಿಯುತ್ತದೆ.

ಆ್ಯಪ್ಪನ್ನು ಏಜೆಂಟರಿಗೆ ತಲುಪಿಸುವುದು ವಾಟ್ಸ್‌ಆ್ಯಪ್‌ನಲ್ಲಿ ಬೇಡ, ಯಾರ ಫೋನಿನಲ್ಲಿ ಯಾವ ಆವೃತ್ತಿ ಎಂಬ ಲೆಕ್ಕ ತಪ್ಪಿಹೋಗುತ್ತದೆ. ಗೂಗಲ್ ಪ್ಲೇ ಕನ್ಸೋಲ್‌ನ (ಡೆವಲಪರ್‌ಗಳು ಆ್ಯಪ್ ಹಾಕುವ ತಾಣ) ಇಂಟರ್ನಲ್ ಟೆಸ್ಟಿಂಗ್‌ನಲ್ಲಿ 100 ಜನರ ತನಕ ಕೊಡಬಹುದು, 9 ಜನಕ್ಕೆ ಧಾರಾಳ. ಖಾತೆಗೆ ಒಂದೇ ಸಲದ ಶುಲ್ಕ 25 ಡಾಲರ್. ನಿಮ್ಮ ವೈಯಕ್ತಿಕ ಹೆಸರಿನಲ್ಲಿ ಹೊಸ ಖಾತೆ ತೆರೆದರೆ, ಆ್ಯಪ್ಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮೊದಲು 12 ಜನ ಸತತ 14 ದಿನ, ಆಹ್ವಾನಿತರಿಗಷ್ಟೇ ಇರುವ ಕ್ಲೋಸ್ಡ್ ಟೆಸ್ಟ್‌ನಲ್ಲಿ ಇರಬೇಕೆಂಬ ನಿಯಮವಿದೆ. ಮೇಲಾಗಿ ಹಣಕಾಸು ಸೇವೆಯ ಆ್ಯಪ್‌ಗಳಿಗೆ ಗೂಗಲ್ ಸಂಸ್ಥೆಯ ಖಾತೆಯನ್ನೇ ಕೇಳುತ್ತದೆ. ಆದ್ದರಿಂದ ಖಾತೆ ಸಂಘದ ಹೆಸರಿನಲ್ಲಿರಲಿ, ಅದಕ್ಕೆ ಬೇಕಾದ ಡಿಯುಎನ್‌ಎಸ್ ಸಂಖ್ಯೆಗೆ (ಸಂಸ್ಥೆಗಳ ಗುರುತು ಸಂಖ್ಯೆ) ಸಂಘದವರು ಈಗಲೇ ಅರ್ಜಿ ಹಾಕಲಿ. ನಿಮಗೆ ಅದರೊಳಗೆ ಡೆವಲಪರ್ ಪ್ರವೇಶ ಸಾಕು. ಪ್ಲೇ ಮೂಲಕ ಹೋಗುವಾಗ ಆ್ಯಪ್‌ಗೆ ಗೂಗಲ್ ತನ್ನ ಬಳಿಯಿರುವ ಕೀಯಿಂದ ಮತ್ತೆ ಸಹಿ ಮಾಡುತ್ತದೆ. ಗೂಗಲ್ ಲಾಗಿನ್ ಬಳಸಿದ್ದರೆ ಆ ಕೀಯ ಎಸ್‌ಎಚ್‌ಎ-1 ಗುರುತನ್ನು ಕನ್ಸೋಲ್‌ನಿಂದ ತೆಗೆದು ಫೈರ್‌ಬೇಸ್‌ಗೆ ಸೇರಿಸಿ. ಇಲ್ಲದಿದ್ದರೆ ನಿಮ್ಮ ಮೇಜಿನ ಮೇಲೆ ಲಾಗಿನ್ ಆಗುತ್ತದೆ, ಪ್ಲೇನಿಂದ ಇಳಿಸಿಕೊಂಡವರಿಗೆ ಆಗುವುದಿಲ್ಲ.